ಗುಮ್ಮಟದ ಕೆಳಗಿನ ಹೊಲಸು ಕೋಣೆ

ನಕ್ಷೆಗಾರನಿಗೆ ಚಿಕ್ಕಂದಿನಿಂದಲೂ ಹೇಸಿಗೆ ಜಾಸ್ತಿ. ಬೀದಿಯಲ್ಲಿ ಯಾರಾದರೂ ಕ್ಯಾಕರಿಸಿ ಉಗುಳಿದರೆ ಸಾಕು, ಅವತ್ತಿನ ಊಟದಲ್ಲಿ ಅವನಿಗೆ ಎರಡು ತುತ್ತು ಕಡಿಮೆಯಾಗುತ್ತಿತ್ತು. ಕಚೇರಿಯಲ್ಲಿ ಅವನಿಗಿದ್ದ ಅಡ್ಡಹೆಸರು ಮೂಗಪ್ಪ. ಮೂಗು ಸೂಕ್ಷ್ಮ ಎಂದು ಹಾಗೆ ಕರೆದರೋ, ಯಜಮಾನರ ಎದುರು ಬಾಯಿ ಬಿಡದ ಮೂಗ ಎಂದು ಕರೆದರೋ, ಹೆಸರಿಟ್ಟವರಿಗೇ ಗೊತ್ತಿರಲಿಲ್ಲ. ಎರಡಕ್ಕೂ ಅವನು ಒಪ್ಪುತ್ತಿದ್ದ.

ಅಂಥವನನ್ನು ಯಜಮಾನರು ಹಳೇ ಆಸ್ಪತ್ರೆಯ ಅಳತೆ ತರಲು ಕಳಿಸಿದರು.

ಹೊಸ ಶತಮಾನ ಹುಟ್ಟಿ ಹತ್ತು ವರ್ಷವಾಗಿತ್ತು. ನಗರಕ್ಕೆ ಟ್ರಾಮು ಬಂದಿತ್ತು, ಮುಖ್ಯರಸ್ತೆಗೆ ದೀಪದ ಕಂಬಗಳು ಬಂದಿದ್ದವು. ಆಸ್ಪತ್ರೆ ಮಾತ್ರ ಇನ್ನೂ ಒಂದು ಹಳೇ ತೊಗಲಿನ ಗೋದಾಮಿನಲ್ಲೇ ನಡೆಯುತ್ತಿತ್ತು. ಹೊಸದೊಂದನ್ನು ಕಟ್ಟಬೇಕೆಂದು ನಿರ್ಧರಿಸಿದ ನಗರಸಭೆ ಅದರ ವಿನ್ಯಾಸವನ್ನು ಊರಿನ ದೊಡ್ಡ ವಾಸ್ತುಶಿಲ್ಪಿಗೆ ಒಪ್ಪಿಸಿತ್ತು. ಬ್ಯಾಂಕು, ನಾಟಕಮಂದಿರ, ರೈಲು ನಿಲ್ದಾಣ ಎಲ್ಲವನ್ನೂ ಕಟ್ಟಿದವರು ಅವರೇ. ಕಚೇರಿಯವರ ಬಾಯಲ್ಲಿ ಅವರು ಯಜಮಾನರು. ಬಳಿಗೆ ಬಂದರೆ ಅತ್ತರು ಹಾಕಿದ ಕರವಸ್ತ್ರದ ವಾಸನೆ ಮೊದಲು ಬರುತ್ತಿತ್ತು, ಅವರು ಆಮೇಲೆ. ರೋಗಿಗಳಿರುವ ಜಾಗಕ್ಕೆ ಕಾಲಿಡುವ ಮನಸ್ಸು ಅವರಿಗಿರಲಿಲ್ಲ.

"ನಿಮ್ಮಕ್ಕ ಅಲ್ಲೇ ಅಲ್ವೇನೋ ಕೆಲಸ ಮಾಡೋದು? ನೀನೇ ಹೋಗಿ ಬಾ," ಅಂದರು.

ನಕ್ಷೆಗಾರನ ಕಿವಿ ಬಿಸಿಯಾಯಿತು. ಅಕ್ಕ ಆಸ್ಪತ್ರೆಯಲ್ಲಿ ಆಯಾ ಎನ್ನುವುದನ್ನು ಅವನು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಗೋದಾಮು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಮೂಗಿಗೆ ಬಡಿಯಿತು. ಅಲ್ಲಿ ಎರಡು ನಾತಗಳಿದ್ದವು. ಗೋಡೆಯ ಒಳಗೇ ಕೂತಿದ್ದ ಹಸಿ ತೊಗಲಿನ ನಾತ ಒಂದು. ಅದರ ಮೇಲೆ ಕೀವು, ಬೆವರು, ಮಲ, ಕಾರ್ಬಾಲಿಕ್ ಔಷಧ ಎಲ್ಲ ಬೆರೆತು ಆದದ್ದು ಇನ್ನೊಂದು. ಅಳತೆಪಟ್ಟಿ ಬಿಚ್ಚುವ ಮೊದಲೇ ನಕ್ಷೆಗಾರ ಗೋಡೆ ಹಿಡಿದು ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿಬಿಟ್ಟ.

ಅಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಬೂದಿಯ ಡಬ್ಬ ಇತ್ತು.

"ಇನ್ನೂ ಇದ್ದರೆ ಅದನ್ನೂ ಇಲ್ಲೇ ಹಾಕಿಬಿಡು. ಒಳಗೆ ಬಂದು ನನಗೆ ಕೆಲಸ ಹೆಚ್ಚು ಮಾಡಬೇಡ."

ಕಕ್ಕಿದ್ದರ ಮೇಲೆ ಬೂದಿ ಎರಚಿ, ಬಳಿದು, ಮೂಲೆಗೆ ಸಾಗಿಸಿ, ಕೈ ತೊಳೆದು, ಅವನಿಗೆ ಒಂದು ಲೋಟ ನೀರು ತಂದಳು. ಅವನು ಬಾಯಿ ಮುಕ್ಕಳಿಸಿದ. ಕುಡಿಯಲಿಲ್ಲ. ಅಕ್ಕ ಅದನ್ನು ನೋಡಿದಳು.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವನಿಗೆ ಎಂಟು, ಅವಳಿಗೆ ಹತ್ತೊಂಬತ್ತು. ಆಸ್ಪತ್ರೆಯ ಹೊಲಸು ಬಟ್ಟೆ ಒಗೆದು, ಆಮೇಲೆ ಬಕೆಟ್ಟು ಹೊತ್ತು, ಅವಳೇ ಅವನನ್ನು ಸಾಕಿದಳು, ನಕ್ಷೆ ಬರೆಯುವ ಶಾಲೆಗೆ ಸೇರಿಸಿದಳು. ಮದುವೆಯಾದ ಮೇಲೆ ಅವನು ಬೇರೆ ಮನೆ ಮಾಡಿದ. ರಜೆಯ ದಿನ ಅಕ್ಕ ಬರುತ್ತಿದ್ದಳು. ಅವಳಿಗೆ ಅಂತ ಅಂಚು ಒಡೆದ ಒಂದು ಬಟ್ಟಲು ಬೇರೆಯೇ ಇತ್ತು. ಅವಳು ಹೋದ ಮೇಲೆ ಅದನ್ನು ಕುದಿಯುವ ನೀರಿನಲ್ಲಿ ತೊಳೆಯುತ್ತಿದ್ದವನು ಅವನೇ, ಹೆಂಡತಿಯಲ್ಲ.

"ಅತ್ತಿಗೆ ಕೈ ನಮ್ಮಿಬ್ಬರ ಕೈಗಿಂತ ಚೊಕ್ಕಟ," ಎಂದು ಹೆಂಡತಿ ಒಮ್ಮೆ ಅಂದಿದ್ದಳು. "ಔಷಧದ ನೀರಲ್ಲಿ ಅದ್ದಿ ಅದ್ದಿ ಅದರಲ್ಲಿ ಚರ್ಮ ಎಲ್ಲಿ ಉಳಿದಿದೆ?"

ಅವನು ಕೇಳಿಸದವನಂತೆ ಬಟ್ಟಲು ಉಜ್ಜಿದ್ದ.

ಗೋದಾಮಿನ ಒಳಗೆ ನಲವತ್ತು ಮಂಚಗಳಿದ್ದವು. ಕಿಟಕಿಗಳು ಆಳೆತ್ತರಕ್ಕಿಂತ ಮೇಲೆ; ಅವುಗಳಿಂದ ಒಳಗೆ ಬರುತ್ತಿದ್ದದ್ದು ನೊಣ ಮಾತ್ರ. ಅಕ್ಕ ಒಂದು ಮಂಚದ ಕೆಳಗಿನಿಂದ ಮಲದ ಪಾತ್ರೆ ಎಳೆದು ಬಕೆಟ್ಟಿಗೆ ಸುರಿದುಕೊಂಡಳು.

"ನನ್ನ ಹಿಂದೆ ಬಾ. ಹೆಜ್ಜೆ ಎಣಿಸು."

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅವನು ಎಣಿಸಿದ. ಮಂಚಗಳ ನಡುವಿನಿಂದ, ಗಂಜಿ ಹಂಚುವ ಮೇಜಿನ ಪಕ್ಕದಿಂದ, ಹೆರಿಗೆಯ ಪರದೆಯನ್ನು ಸವರಿಕೊಂಡು ಹಿತ್ತಲಿನ ಗುಂಡಿಯವರೆಗೆ ಅರವತ್ತೆರಡು ಹೆಜ್ಜೆ. ಬಕೆಟ್ಟಿನಲ್ಲಿದ್ದದ್ದು ಹೆಜ್ಜೆಗೊಮ್ಮೆ ತುಳುಕುತ್ತಿತ್ತು.

"ಉಣ್ಣೋರ ಮುಂದೇನೇ ಹೋಗಬೇಕು ನೋಡು," ಅಂದಳು ಅಕ್ಕ. "ಅವರು ತುತ್ತು ಎತ್ತಿದಾಗ ನಾನು ಇದನ್ನ ಹಿಡ್ಕೊಂಡು ಹೋಗ್ತಿರ್ತೀನಿ. ಕೆಲವರು ಕಣ್ಣು ಮುಚ್ಚಿಕೊಂಡು ನುಂಗ್ತಾರೆ, ಪಾಪ."

ಗುಂಡಿಯ ಬಳಿ ಬಕೆಟ್ಟು ತೊಳೆದು, ಒದ್ದೆ ಬೆರಳಿನಿಂದ ಅವಳು ಕಲ್ಲುಚಪ್ಪಡಿಯ ಮೇಲೆ ಬರೆದು ತೋರಿಸಿದಳು. ಉದ್ದನೆಯ ವಾರ್ಡು. ಅದರ ತುದಿಯಲ್ಲಿ ಒಂದು ಬಾಗಿಲು. ಬಾಗಿಲಾಚೆ ಒಂದು ಚಿಕ್ಕ ನಡುದಾರಿ, ಎರಡೂ ಕಡೆ ಕಿಟಕಿ, ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುವ ಹಾಗೆ. ಅದನ್ನು ದಾಟಿದ ಮೇಲೆ ಬಕೆಟ್ಟು ಸುರಿದು ತೊಳೆಯುವ ಹೊಲಸು ಕೋಣೆ. ಅಲ್ಲಿಂದ ನೇರ ಕೆಳಕ್ಕೆ ಬೇರೆಯೇ ಮೆಟ್ಟಿಲು.

"ನಾತ ವಾರ್ಡಿಗೆ ವಾಪಸ್ ಬರೋಕೆ ಹೊರಟರೆ ನಡುದಾರೀಲಿ ಗಾಳಿ ಅದನ್ನ ಹಿಡ್ಕೊಂಡು ಹೋಗಬೇಕು. ಮೊದಲು ಇದನ್ನ ಬರಿ. ಮುಂಬಾಗಿಲು, ಗುಮ್ಮಟ ಏನಿದೆಯೋ ಅದನ್ನ ಆಮೇಲೆ ಬರ್ಕೊಳ್ಳಿ."

ಬರೆದದ್ದು ಬಿಸಿಲಿಗೆ ಒಣಗುವ ಮೊದಲು ಅವನು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡ.

ಆ ತಿಂಗಳು ಅವನು ಮಾಡಿದಷ್ಟು ಚೆಂದದ ಕೆಲಸವನ್ನು ಜೀವಮಾನದಲ್ಲಿ ಮಾಡಿರಲಿಲ್ಲ. ನಡುವೆ ಮುಖಮಂಟಪ, ಅದರ ಮೇಲೆ ಗುಮ್ಮಟ, ಎರಡು ಕಡೆಗೆ ಚಾಚಿದ ಎರಡು ರೆಕ್ಕೆ, ಒಂದೊಂದು ರೆಕ್ಕೆಗೆ ಎರಡು ಅಂತಸ್ತು, ಒಂದೊಂದು ಅಂತಸ್ತಿಗೆ ಇಪ್ಪತ್ತನಾಲ್ಕು ಮಂಚದ ಒಂದು ವಾರ್ಡು, ಎದುರುಬದುರು ಕಿಟಕಿ. ತುದಿಯಲ್ಲಿ ಅಕ್ಕ ಹೇಳಿದ ನಡುದಾರಿ, ಹೊಲಸು ಕೋಣೆ, ಮೆಟ್ಟಿಲು. ಆಸ್ಪತ್ರೆಯ ದೊಡ್ಡ ಡಾಕ್ಟರು ಆ ತುದಿಯ ಮೇಲೆ ಬೆರಳಿಟ್ಟು, "ಇದನ್ನ ಯೋಚನೆ ಮಾಡಿದೋರು ಯಾರು?" ಎಂದು ಕೇಳಿದರು.

"ನಮ್ಮ ಕಚೇರಿ," ಅಂದರು ಯಜಮಾನರು.

ಡಾಕ್ಟರು ಸಹಿ ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಜಮಾನರು ನಗರಸಭೆಗೆ ತೋರಿಸಲು ಸುಣ್ಣದಲ್ಲಿ ಕಟ್ಟಡದ ಒಂದು ಚಿಕ್ಕ ಮಾದರಿ ಮಾಡಿಸಿದರು. ಅದನ್ನು ಮೇಜಿನ ಮೇಲಿಟ್ಟು, ಬಗ್ಗಿ, ರಸ್ತೆಯಲ್ಲಿ ನಿಂತವನ ಕಣ್ಣಿನಿಂದ ನೋಡಿದರು. ರೆಕ್ಕೆಗಳ ತುದಿಯಲ್ಲಿ ಹೊಲಸು ಕೋಣೆಗಳು ಮೊಂಡಾಗಿ ಹೊರಗೆ ಚಾಚಿಕೊಂಡಿದ್ದವು.

"ಇವೇನೋ ಇವು, ಗಂಟು ಎದ್ದ ಹಾಗಿದೆ? ತೆಗಿ. ನಡುವೆ ತಗೊಂಡು ಬಾ, ಮೆಟ್ಟಿಲ ಪಕ್ಕಕ್ಕೆ. ಹೊರಗೆ ಕಾಣಬಾರದು."

"ಮೆಟ್ಟಿಲ ಪಕ್ಕ ವಾರ್ಡಿನ ಅಡುಗೆಮನೆ ಇದೆ, ಯಜಮಾನರೇ."

"ಇರಲಿ. ಮಧ್ಯೆ ಗೋಡೆ ಇರುತ್ತಲ್ಲ."

ಆ ಗೋಡೆಯೂ ಉಳಿಯಲಿಲ್ಲ. ಉದ್ಘಾಟನೆಗೆ ಬರುವ ದೊಡ್ಡವರು ನಾಲ್ಕು ಜನ ಸಾಲಾಗಿ ಹತ್ತಬೇಕೆಂದು ಅಮೃತಶಿಲೆಯ ಮೆಟ್ಟಿಲನ್ನು ಇನ್ನೂ ಒಂದೂವರೆ ಅಡಿ ಅಗಲ ಮಾಡಿದರು. ಆ ಒಂದೂವರೆ ಅಡಿ ಬಂದದ್ದು ಅಡುಗೆಮನೆ ಮತ್ತು ಹೊಲಸು ಕೋಣೆಯಿಂದ. ನಡುವಿನ ಗೋಡೆ ಅರ್ಧ ಇಟ್ಟಿಗೆಯ ದಪ್ಪಕ್ಕೆ ಇಳಿಯಿತು. ರೋಗಿಗಳನ್ನು ಹೊತ್ತು ತರುವ ಹಿಂದಿನ ಮೆಟ್ಟಿಲು ಎಷ್ಟು ಕಿರಿದಾಯಿತೆಂದರೆ ತಿರುವಿನಲ್ಲಿ ಡೋಲಿಯನ್ನು ವಾರೆ ಮಾಡದೆ ದಾಟಿಸುವಂತಿರಲಿಲ್ಲ. ಹೊಲಸು ಕೋಣೆಗೆ ಕಿಟಕಿ ಇಡಲು ಜಾಗವೇ ಇಲ್ಲದೆ ಚಾವಣಿಯವರೆಗೆ ಒಂದು ಗಾಳಿಕೊಳವೆ ಕೊಟ್ಟರು. ಅದು ಗುಮ್ಮಟದ ಪಕ್ಕ ಹೊಗೆಗೂಡಿನಂತೆ ಎದ್ದು ನಿಂತಿತು. ಯಜಮಾನರಿಗೆ ಅದೂ ಆಗಲಿಲ್ಲ. ಅದರ ಬಾಯಿಯ ಮೇಲೆ ಗಾರೆಯ ಹೂಕುಂಡ ಕೂರಿಸು ಅಂದರು.

ಅವತ್ತು ಮೂಗಪ್ಪ ಮತ್ತೆ ಬಾಯಿ ಬಿಟ್ಟ. "ಮುಚ್ಚಿದರೆ ಗಾಳಿ ಹೋಗಲ್ಲ, ಯಜಮಾನರೇ."

"ಗಾಳಿ ಯಾರ ಕಣ್ಣಿಗೂ ಕಾಣಲ್ಲ. ಗುಮ್ಮಟ ಕಾಣುತ್ತೆ."

ಅವನು ಬರೆದ. ಹೂಕುಂಡದ ಪಕ್ಕದಲ್ಲಿ ತನ್ನ ಮುದ್ದಾದ ಅಕ್ಷರದಲ್ಲಿ, "ಕೊಳವೆಯ ಬಾಯಿ ಮುಚ್ಚಿ ಗಾರೆ ಮಾಡುವುದು" ಎಂದೂ ಬರೆದ. ಹೊಸ ಹಾಳೆಗಳು ಡಾಕ್ಟರ ಸಹಿಗೆ ಹೋದಾಗ ಗುಮ್ಮಟದ ಬಣ್ಣದ ಚಿತ್ರ ಎಲ್ಲಕ್ಕಿಂತ ಮೇಲಿತ್ತು.

ಮುಂದಿನ ರಜೆಯ ದಿನ ಅಕ್ಕ ಒಡಕು ಬಟ್ಟಲಿನಲ್ಲಿ ಚಹಾ ಕುಡಿಯುತ್ತ ಕೇಳಿದಳು. "ನನ್ನ ಕೋಣೆ ಹಾಕಿದೆಯೇನೋ?"

"ಹಾಕಿದೀನಿ," ಅಂದ.

ಎರಡು ವರ್ಷದಲ್ಲಿ ಕಟ್ಟಡ ಎದ್ದಿತು. ಉದ್ಘಾಟನೆಯ ದಿನ ಊರಿಗೆ ಊರೇ ಬಂದು ಕತ್ತೆತ್ತಿ ಗುಮ್ಮಟ ನೋಡಿತು. ಗಾಡಿಯವರು ಅಲ್ಲಿಗೆ ಬಂದಾಗ ಕುದುರೆಯನ್ನು ನಿಧಾನ ಮಾಡುತ್ತಿದ್ದರು. ಅವತ್ತು ಮಧ್ಯಾಹ್ನ ಅಕ್ಕ ಹೆಂಗಸರ ವಾರ್ಡಿನ ತುದಿಯವರೆಗೆ ಬಕೆಟ್ಟು ಹಿಡಿದು ನಡೆದು ಹೋದಳು. ಅಲ್ಲಿ ಬಾಗಿಲಿರಲಿಲ್ಲ. ಬಿಳಿ ಗೋಡೆ, ಗೋಡೆಯಲ್ಲೊಂದು ಗೂಡು, ಗೂಡಿನಲ್ಲಿ ಒಂದು ಹೂಜಿ. ಅವಳು ತುಂಬಿದ ಬಕೆಟ್ಟಿನೊಂದಿಗೇ ತಿರುಗಿ ಇಪ್ಪತ್ತನಾಲ್ಕು ಮಂಚಗಳ ನಡುವೆ ವಾಪಸು ಬಂದಳು. ಅಂದಿನಿಂದ ಅವಳು ತಮ್ಮನ ಮನೆಗೆ ಬರುವುದನ್ನು ಬಿಟ್ಟಳು.

ನಾತ ಶುರುವಾಗಲು ಮೂರು ವಾರ ಸಾಕಾಯಿತು. ಮೊದಲು ಅಡುಗೆಮನೆಯ ಗೋಡೆಯಲ್ಲಿ ಬೆರಳಗಲದ ಒದ್ದೆ ಕಾಣಿಸಿತು, ಆಮೇಲೆ ಅಂಗೈಯಗಲ. ಅದರ ಮೇಲೆ ಕಂದು ಬಣ್ಣದ ಬೂಷ್ಟು ಬೆಳೆಯಿತು. ಬ್ರೆಡ್ಡಿನ ಬೀರು ಒರಗಿದ್ದು ಅದೇ ಗೋಡೆಗೆ. ಹೊಲಸು ಕೋಣೆಯ ನೊಣಗಳು ಬೀರುವಿಗೆ ಬರಲು ರೆಕ್ಕೆ ಬಡಿಯುವ ಕಷ್ಟವನ್ನೂ ಪಡಬೇಕಿರಲಿಲ್ಲ, ಬಿರುಕಿನಲ್ಲಿ ನಡೆದೇ ಬರುತ್ತಿದ್ದವು. ಹಾಲು ಬೆಳಗ್ಗೆ ಬಂದರೆ ಮಧ್ಯಾಹ್ನಕ್ಕೆ ಒಂದು ಥರ ಸಿಹಿ ಕೊಳೆತ ವಾಸನೆ ಹಿಡಿಯುತ್ತಿತ್ತು. ಅದನ್ನೇ ಕಾಯಿಸಿ ಕೊಡುತ್ತಿದ್ದರು. ಬಾಣಂತಿಯರು ಬಟ್ಟಲನ್ನು ಮೂಗಿನಿಂದ ದೂರ ಹಿಡಿದು ಕುಡಿಯುತ್ತಿದ್ದರು.

ಮೂರನೇ ತಿಂಗಳಲ್ಲಿ ಹೆಂಗಸರ ವಾರ್ಡಿಗೆ ಕರುಳಿನ ಜ್ವರ ಬಿತ್ತು. ಹೊರಗಿನಿಂದ ಬಂದ ಜ್ವರವಲ್ಲ ಅದು. ಬೇರೆ ಕಾಯಿಲೆಗೆ ಬಂದು ಮಲಗಿದವರಿಗೇ ಬಂತು. ಒಂಬತ್ತು ಹೆಂಗಸರು ಸತ್ತರು.

ಆಸ್ಪತ್ರೆ ಸಮಿತಿ ತಪಾಸಣೆಗೆ ಬಂತು. ಸಮಿತಿಯ ಅಧ್ಯಕ್ಷರು ಬೆಳ್ಳಿ ಹಿಡಿಯ ಕೋಲು ಊರಿಕೊಂಡು ಅಮೃತಶಿಲೆಯ ಮೆಟ್ಟಿಲು ಹತ್ತಿ, ಮೇಲೆ ಬಂದ ಕೂಡಲೇ, "ಥೂ," ಅಂದರು. "ಹೊಚ್ಚಹೊಸ ಕಟ್ಟಡದಲ್ಲಿ ಈ ಗಬ್ಬು ಹೇಗೆ ಬಂತು?"

ಯಜಮಾನರು ಕರವಸ್ತ್ರವನ್ನು ಮೂಗಿನಿಂದ ಒಂದಿಂಚು ಸರಿಸಿದರು. "ಕಟ್ಟಡಕ್ಕೆ ನಾತ ಇರಲ್ಲ ಸ್ವಾಮಿ, ಜನಕ್ಕಿರುತ್ತೆ. ಗೋದಾಮಿನಲ್ಲಿ ಬಿದ್ದಿದ್ದೋರು, ಅಲ್ಲಿನ ಅಭ್ಯಾಸಾನ ಇಲ್ಲಿಗೂ ತಂದಿದ್ದಾರೆ."

ನಕ್ಷೆಗಳ ಸುರುಳಿಯನ್ನು ಕಂಕುಳಲ್ಲಿ ಹಿಡಿದು ನಕ್ಷೆಗಾರ ಅವರ ಹಿಂದೆ ನಿಂತಿದ್ದ.

ನಾಲ್ವರು ಆಯಾಗಳನ್ನು ಗುಮ್ಮಟದ ಕೆಳಗೆ ಸಾಲಾಗಿ ನಿಲ್ಲಿಸಿದರು. ಕೈ ಚಾಚಿ ಅಂದರು. ಅಕ್ಕ ಮೂರನೆಯವಳು. ಅವಳ ಉಗುರುಗಳು ಮಾಂಸದವರೆಗೆ ಕತ್ತರಿಸಿದ್ದವು; ಅಂಗೈ ಬಿರಿದು, ಬಿರುಕುಗಳಲ್ಲಿ ಔಷಧ ತಿಂದ ಚರ್ಮ ಬೆಳ್ಳಗೆ ಸುಲಿದಿತ್ತು. ಅಧ್ಯಕ್ಷರು ಬಗ್ಗಲೂ ಇಲ್ಲ, ಮುಟ್ಟಲೂ ಇಲ್ಲ. ಕೋಲಿನ ತುದಿಯಿಂದ ಅವಳ ಕೈಯನ್ನು ಎತ್ತಿ, ಸತ್ತ ಇಲಿಯನ್ನು ಮಗುಚುವಂತೆ ಮಗುಚಿ ನೋಡಿದರು. ಆಮೇಲೆ ಕೋಲಿನ ತುದಿಯನ್ನು ಜವಾನನಿಂದ ಒರೆಸಿಸಿಕೊಂಡರು.

"ಗಾಳಿಕೊಳವೆ ಇಟ್ಟಿದೀರಾ?" ಎಂದು ಕೇಳಿದರು.

"ನಕ್ಷೆಯಲ್ಲೇ ಇದೆ," ಎಂದ ಯಜಮಾನರು ಹಿಂದೆ ತಿರುಗಿದರು. "ಇದೆಯೋ ಇಲ್ವೋ?"

"ಇದೆ," ಅಂದ ನಕ್ಷೆಗಾರ.

ಕೊಳವೆ ಇತ್ತು. ಅದಕ್ಕೆ ಬಾಯಿ ಇರಲಿಲ್ಲ. ಅಕ್ಕ ಅವನ ಕಡೆ ನೋಡಲಿಲ್ಲ. ಚಾಚಿದ ಕೈಯನ್ನು ಇನ್ನೂ ಚಾಚಿಕೊಂಡೇ ಇದ್ದಳು, ಇಳಿಸು ಎಂದು ಯಾರೂ ಹೇಳಿರಲಿಲ್ಲ. ನಾಲ್ವರನ್ನೂ ಅವತ್ತೇ ಕೆಲಸದಿಂದ ತೆಗೆದರು.

ಹೊರಗೆ ಬಂದ ಮೇಲೆ ಯಜಮಾನರು ಅವನ ಹೆಗಲು ತಟ್ಟಿ, "ಜಾಣ," ಅಂದರು. ಅತ್ತರಿನ ವಾಸನೆ ಕೋಟಿಗೆ ಅಂಟಿಕೊಂಡಿತು. ಟ್ರಾಮಿನಲ್ಲಿ ಕೂತರೂ ಅದೇ ವಾಸನೆ, ಮನೆ ಮೆಟ್ಟಿಲು ಹತ್ತಿದರೂ ಅದೇ. ಅವನು ಕೋಟು ಬಿಚ್ಚಿ ಬಚ್ಚಲಿಗೆ ಹಾಕಿ ನೀರು ಕಾಯಿಸಿದ. ಅಕ್ಕ ಕುಡಿದ ಬಟ್ಟಲನ್ನು ತೊಳೆಯುತ್ತಿದ್ದ ಅದೇ ಪಾತ್ರೆಯಲ್ಲಿ. ಕೋಟಿನ ಹೆಗಲನ್ನು ಉಜ್ಜಿ ಉಜ್ಜಿ ಬಟ್ಟೆ ಪಿಸಿಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಏನಾಯ್ತು?"

ಅವನು ಹೇಳಿದ. ಗೋಡೆ ಹೇಳಿದ, ಹೂಕುಂಡ ಹೇಳಿದ, ಕೋಲು ಹೇಳಿದ, ತಾನು "ಇದೆ" ಅಂದದ್ದನ್ನೂ ಹೇಳಿದ. ಹೆಂಡತಿ, "ಇವತ್ತು ನಿಮಗೆ ಊಟ ಬಡಿಸೋಕೆ ನನಗೆ ಮನಸ್ಸಿಲ್ಲ. ಬೇಕಾದರೆ ನೀವೇ ಹಾಕ್ಕೊಳ್ಳಿ," ಎಂದು ಒಳಗೆ ಹೋದಳು.

ಮರುದಿನ ಸಂಜೆ ಅವನು ಅಕ್ಕನ ಕೋಣೆಗೆ ಹೋದ. ಅದು ತಗಡಿನ ಕೆಲಸದವನ ಅಂಗಡಿಯ ಮೇಲಿತ್ತು. ಮಾತಾಡುವಾಗ ಕೆಳಗಿನ ಸುತ್ತಿಗೆ ನಿಲ್ಲುವುದನ್ನು ಕಾಯಬೇಕು. ಅಕ್ಕ ಹಳೇ ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು.

"ಗೋಡೆ ಬರೆದೋನು ನೀನೇನಾ?" ಎಂದು ಕೇಳಿದಳು.

"ನಾನೇ."

"ನಾನು ಆವತ್ತು ಬಕೆಟ್ಟು ಕೆಳಗಿಟ್ಟು ಗೋಡೆ ತಡಕಿ ನೋಡಿದೆ ಕಣೋ. ಬಾಗಿಲಿಗೆ ಸುಣ್ಣ ಬಳಿದಿರಬಹುದು ಅಂತ. ನೀನು ಹಾಕಿದೀನಿ ಅಂದಿದ್ದೆಯಲ್ಲ."

ಕೆಳಗೆ ಸುತ್ತಿಗೆ ಬಡಿಯಿತು. ನಿಂತ ಮೇಲೆ ಅವಳು ಮುಂದುವರಿಸಿದಳು.

"ಹದಿನಾರನೇ ಮಂಚದಲ್ಲಿ ಒಬ್ಬಳು ಹೊಲಿಗೆಯವಳಿದ್ದಳು. ಗುಂಡಿಯ ಕಾಜಾ ಹೀಗೆ ಸುತ್ತಬೇಕು ಅಂತ ನನಗೆ ಹೇಳಿಕೊಟ್ಟೋಳು ಅವಳೇ. ಕಾಲು ಮುರ್ಕೊಂಡು ಬಂದಿದ್ದಳು, ಅಷ್ಟೇ. ಹೊಟ್ಟೆ ಕೆಟ್ಟು ಸತ್ತಳು. ಕೊನೇಲಿ ಮಂಚದಿಂದ ಎತ್ತುವಾಗ ನೋಡಿದೆ, ಕಾಲು ಪೂರ್ತಿ ಕೂಡಿಕೊಂಡಿತ್ತು." ದಾರವನ್ನು ಹಲ್ಲಿನಿಂದ ಕಡಿದಳು. "ಅವಳಿಗೆ ಬ್ರೆಡ್ಡು ಕೊಟ್ಟ ಕೈ ಇದೇ. ಕೋಲಲ್ಲಿ ಎತ್ತಿ ನೋಡಿದ್ದು ನನಗೆ ದೊಡ್ಡದಲ್ಲ. ಆ ಬ್ರೆಡ್ಡಿನ ನೆನಪಾದರೆ ನನ್ನ ಕೈ ನೋಡ್ಕೊಳ್ಳೋಕೆ ನನಗೇ ಅಸಹ್ಯ ಆಗುತ್ತೆ."

ಅಕ್ಕ ಎದ್ದು ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಪೂರ್ತಿ ಕುಡಿದ. ಇನ್ನೊಂದು ಲೋಟ ಕೇಳಿದ.

"ಡಾಕ್ಟರಿಗೆ ಹೇಳ್ತೀನಿ," ಅಂದ.

"ಹೇಳು. ನನಗೆ ಹೇಳಿದ್ದು ಸಾಕು."

ಬರಿ ಬಾಯಿಮಾತಿಗಿಂತ ಮೊದಲ ನಕ್ಷೆ ತೋರಿಸಿದರೆ ವಾಸಿ ಎಂದು ಅವನು ಮನೆಗೆ ಬಂದು ಪೆಟ್ಟಿಗೆಗಳನ್ನು ಕೆದಕಿದ. ಡಾಕ್ಟರ ಮೊದಲ ಸಹಿ ಇದ್ದ ಆ ಹಾಳೆ ಕಾಗದದ್ದಲ್ಲ, ನಕ್ಷೆಬಟ್ಟೆಯದು: ಗಂಜಿ ಹಾಕಿ ನುಣುಪು ಮಾಡಿದ ತೆಳು ಬಟ್ಟೆ. ಬೇಡವಾದ ನಕ್ಷೆಗಳನ್ನು ಕಚೇರಿಯವರೆಲ್ಲ ಮನೆಗೆ ಒಯ್ಯುತ್ತಿದ್ದರು. ಕುದಿಸಿದರೆ ಗಂಜಿ, ಮಸಿ ಎಲ್ಲ ಬಿಟ್ಟು ಒಳ್ಳೆಯ ಮೃದು ಬಟ್ಟೆ ಸಿಗುತ್ತಿತ್ತು.

"ಆ ಬಟ್ಟೇನಾ?" ಅಂದಳು ಹೆಂಡತಿ. "ಹೋದ ವರ್ಷವೇ ಕುದಿಸಿ ಆರು ಕರವಸ್ತ್ರ ಹೊಲಿದೆನಲ್ಲ. ನಿಮ್ಮ ಜೇಬಲ್ಲಿರೋದು ಅದೇ."

ಅವನು ಜೇಬಿಗೆ ಕೈ ಹಾಕಿದ. ತಪಾಸಣೆಯ ದಿನ ಮೂಗಿಗೆ ಒತ್ತಿಕೊಂಡಿದ್ದ ಬಟ್ಟೆ. ಬೆಳಕಿಗೆ ಹಿಡಿದರೂ ಒಂದು ಗೆರೆಯಿಲ್ಲ. ಇನ್ನು ಉಳಿದಿದ್ದ ಸಾಕ್ಷಿ ಅವನೊಬ್ಬನೇ.

ಬೆಳಗ್ಗೆ ಡಾಕ್ಟರ ಕೋಣೆಯಲ್ಲಿ ಅವನು ಎಲ್ಲವನ್ನೂ ಹೇಳಿ, ಬಿಳಿ ಕಾಗದದ ಮೇಲೆ ಮೊದಲ ನಕ್ಷೆಯನ್ನು ಅಳತೆ ಸಮೇತ ಮತ್ತೆ ಬರೆದು ತೋರಿಸಿದ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಎರಡನೇದಕ್ಕೂ ನಾನೇ ಸಹಿ ಹಾಕಿದೀನಿ. ಮೇಲಿದ್ದ ಗುಮ್ಮಟ ನೋಡಿದೆ, ಕೆಳಗಿನ ಹಾಳೆ ತಿರುವಲಿಲ್ಲ. ಒಂಬತ್ತು ಜನ." ಕನ್ನಡಕ ಹಾಕಿಕೊಂಡರು. "ಕಾಗದ ತೋರಿಸಿದರೆ ಅವರು ಇನ್ನೊಂದು ಕಾಗದ ತೋರಿಸ್ತಾರೆ. ಕಣ್ಣಿಗೆ ಕಾಣಿಸಬೇಕು. ಹೊಗೆ ಹಾಕೋಣ."

ಆ ವಾರವೇ ಒಂದು ಬೆಳಗ್ಗೆ ಹತ್ತು ಗಂಟೆಗೆ ಸಮಿತಿಯನ್ನೂ ಯಜಮಾನರನ್ನೂ ಡಾಕ್ಟರು ಕರೆಸಿದರು. ವಾರ್ಡಿನ ರೋಗಿಗಳನ್ನು ಮೊದಲೇ ವರಾಂಡಕ್ಕೆ ಸಾಗಿಸಿಯಾಗಿತ್ತು. ಬಂದವರಿಗೆಲ್ಲ ತಮ್ಮ ಕೋಣೆಯಲ್ಲಿ ಚಹಾ, ಬೆಣ್ಣೆ ಸವರಿದ ಬ್ರೆಡ್ಡು ಕೊಡಿಸಿದರು. ಯಜಮಾನರು ಚಹಾ ಮುಟ್ಟಲಿಲ್ಲ. ಅಧ್ಯಕ್ಷರು ಮೂರು ಚೂರು ಬ್ರೆಡ್ಡು ತಿಂದರು.

ಡಾಕ್ಟರು ಹೇಳಿ ಕಳಿಸಿದ್ದರಿಂದ ಅಕ್ಕನೂ ಬಂದಿದ್ದಳು. ಕೆಂಡದ ಬಕೆಟ್ಟಿನ ಮೇಲೆ ಟಾರು ಸುರಿದು, ಒದ್ದೆ ಗೋಣಿ ಮುಚ್ಚಿ, ಹೊಲಸು ಕೋಣೆಯೊಳಗಿಟ್ಟು ಬಾಗಿಲು ಎಳೆದಳು. ಔಷಧ ಬೆರೆಸುವವನು ಚಾವಣಿಯ ಮೇಲೆ ಹೂಕುಂಡದ ಪಕ್ಕ ನಿಂತಿದ್ದ. ಹೊಗೆ ಕಂಡರೆ ಕೂಗಬೇಕೆಂದು ಅವನಿಗೆ ಹೇಳಲಾಗಿತ್ತು. ಎಲ್ಲರೂ ಅಡುಗೆಮನೆಯಲ್ಲಿ ನಿಂತು ಕಾದರು. ಮೇಲಿನಿಂದ ಸದ್ದಿಲ್ಲ.

ಅಕ್ಕ ಹೋಗಿ ಬ್ರೆಡ್ಡಿನ ಬೀರುವಿನ ಬಾಗಿಲು ತೆರೆದಳು.

ಮೊದಲು ಹಿಂದಿನ ಹಲಗೆಯ ಸಂದಿನಿಂದ ದಾರದಷ್ಟು ಹೊಗೆ ಬಂತು. ಆಮೇಲೆ ಕೆಳಗಿನ ತಟ್ಟೆಯಿಂದ. ನೋಡನೋಡುತ್ತ ಬ್ರೆಡ್ಡುಗಳ ನಡುವಿನಿಂದ, ಬ್ರೆಡ್ಡುಗಳ ಕೆಳಗಿನಿಂದ ಕಂದು ಹೊಗೆ ಸುರುಳಿಸುರುಳಿಯಾಗಿ ಎದ್ದು, ಹಾಲಿನ ಪಾತ್ರೆಯ ಬಾಯಿಯನ್ನು ಸುತ್ತಿಕೊಂಡು, ವಾರ್ಡಿನ ಬಾಗಿಲ ಕಡೆ ಹರಿಯಿತು. ಹೊಗೆಯ ಹಿಂದೆ ನೊಣಗಳು ಬಂದವು. ಬಿರುಕಿನಿಂದ ಒಂದರ ಮೇಲೊಂದು ಒತ್ತಿಕೊಂಡು, ಒದ್ದೆ ಮೈಯಲ್ಲಿ, ಹಾರಲಾರದೆ ಬ್ರೆಡ್ಡಿನ ಮೇಲೆ ಉದುರಿದವು.

"ಇಷ್ಟು ದಿನ ಬರ್ತಿದ್ದದ್ದು ಇದೇ ದಾರೀಲಿ," ಅಂದರು ಡಾಕ್ಟರು. "ಈಗ ಕಣ್ಣಿಗೆ ಕಾಣ್ತಿದೆ, ಅಷ್ಟೇ ವ್ಯತ್ಯಾಸ. ಅಧ್ಯಕ್ಷರೇ, ತಾವು ಈಗ ತಿಂದಿದ್ದು ಇದೇ ಬೀರುವಿನದು."

ಅಧ್ಯಕ್ಷರು ಕೋಲನ್ನು ಅಲ್ಲೇ ಬಿಟ್ಟು ಓಡಿದರು. ಅಮೃತಶಿಲೆಯ ಮೆಟ್ಟಿಲವರೆಗೆ ಮಾತ್ರ ತಲುಪಿದರು. ನಾಲ್ಕು ಜನ ಸಾಲಾಗಿ ಹತ್ತುವಷ್ಟು ಅಗಲದ ಆ ಮೆಟ್ಟಿಲ ಮೇಲೆ ಅವರು ಕಕ್ಕಿದ್ದು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಯಿತು. ಜವಾನ ಅಕ್ಕನ ಕಡೆ ನೋಡಿದ.

"ನನ್ನನ್ನ ಯಾಕೆ ನೋಡ್ತೀಯಪ್ಪ," ಅಂದಳು ಅಕ್ಕ. "ನನ್ನನ್ನ ಕೆಲಸದಿಂದ ತೆಗೆದಿದ್ದಾರೆ."

ಆಗ ನಕ್ಷೆಗಾರ ಮುಂದೆ ಬಂದ. "ಆ ಗೋಡೆ ಬರೆದೋನು ನಾನು. ಕೊಳವೆ ಬಾಯಿ ಮುಚ್ಚಿ ಅಂತ ಬರೆದೋನೂ ನಾನೇ. ಹಾಗೆ ಬರಿ ಅಂತ ಹೇಳಿದೋರು ಇವರು."

ಯಜಮಾನರ ಮುಖದಲ್ಲಿ ಏನೂ ಕದಲಲಿಲ್ಲ. "ಬರೆದೋನು ತಾನೇ ಅಂತ ಅವನೇ ಒಪ್ಪಿಕೊಂಡ," ಅಂದರು. "ನೂರಾರು ಹಾಳೆ ಇರುತ್ತವೆ ಸ್ವಾಮಿ. ನೌಕರರ ಕೈತಪ್ಪನ್ನೆಲ್ಲ ನಾನು ಹುಡುಕ್ತಾ ಕೂರೋಕಾಗುತ್ತಾ?"

ಸಮಿತಿಯ ವರದಿಯಲ್ಲಿ ಹಾಗೆಯೇ ಬಂತು: ನಕ್ಷೆಗಾರನೊಬ್ಬನ ಅಜಾಗರೂಕತೆಯಿಂದ ಉಂಟಾದ ಲೋಪ. ಒಂಬತ್ತು ಹೆಂಗಸರ ವಿಷಯ ಅದರಲ್ಲಿ ಒಂದು ಸಾಲು. ಮುಂದಿನ ವರ್ಷ ಯಜಮಾನರಿಗೆ ನಗರಸಭೆಯ ಹೊಸ ಸಭಾಭವನದ ವಿನ್ಯಾಸ ಸಿಕ್ಕಿತು. ಅದಕ್ಕೆ ಎರಡು ಗುಮ್ಮಟ. ಪತ್ರಿಕೆಯಲ್ಲಿ ಆ ಚಿತ್ರ ನೋಡಿದಾಗ ನಕ್ಷೆಗಾರನಿಗೆ ಬಾಯಲ್ಲಿ ಹುಳಿನೀರು ಬಂತು. ಎದ್ದು ಹೋಗಿ ಉಗುಳಿ ಬಂದ.

ಕಚೇರಿಯಿಂದ ಅವನನ್ನು ಹೊಗೆ ಹಾಕಿದ ದಿನವೇ ತೆಗೆದಿದ್ದರು. ಊರಿನ ಬೇರೆ ಯಾವ ವಾಸ್ತುಶಿಲ್ಪಿಯೂ ಅವನಿಗೆ ಮೇಜು ಕೊಡಲಿಲ್ಲ. ವರದಿ ಏನೇ ಹೇಳಿದರೂ ಹೊಗೆ ಕಂಡಿದ್ದರಿಂದ ಸಮಿತಿಗೆ ಕಟ್ಟಡ ತಿದ್ದದೆ ಬೇರೆ ದಾರಿ ಇರಲಿಲ್ಲ. ಡಾಕ್ಟರು ಹಟ ಹಿಡಿದು ಆ ಕೆಲಸಕ್ಕೆ ಅವನನ್ನೇ ಮೇಲ್ವಿಚಾರಕನನ್ನಾಗಿ ಇಟ್ಟುಕೊಂಡರು. ನಡುವಿನ ಹೊಲಸು ಕೋಣೆಗಳನ್ನು ಒಡೆಸಿದ ದಿನ ಇಟ್ಟಿಗೆಯ ಸಂದಿಯಲ್ಲಿ ಇದ್ದದ್ದನ್ನು ನೋಡಿ ಗಾರೆಯವರೇ ಹೊರಗೆ ಓಡಿಬಂದರು. ನಕ್ಷೆಗಾರ ಎರಡು ಸಲ ವಾಂತಿ ಮಾಡಿಕೊಂಡು, ಎರಡು ಸಲವೂ ಒಳಗೆ ಹೋದ. ಹೇಸಿಗೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ರೆಕ್ಕೆಗಳ ತುದಿಯ ಗೋಡೆ ಒಡೆದು, ಹೊರಗಡೆಗೆ ನಾಲ್ಕು ಕೋಣೆ ಕಟ್ಟಿದರು. ರಸ್ತೆಯಿಂದ ನೋಡಿದರೆ ಅವು ನಿಜಕ್ಕೂ ಗಂಟು ಎದ್ದ ಹಾಗೆಯೇ ಕಾಣುತ್ತಿದ್ದವು. ತೆಗೆದುಹಾಕಿದ್ದ ನಾಲ್ವರು ಆಯಾಗಳಿಗೂ ಡಾಕ್ಟರು ಹೇಳಿ ಕಳಿಸಿದರು. ಇಬ್ಬರು ಬಂದರು, ಒಬ್ಬಳು ಊರು ಬಿಟ್ಟಿದ್ದಳು. ಅಕ್ಕ ಮಾತ್ರ, "ಮೊದಲು ನೋಡ್ತೀನಿ," ಅಂದಳು.

ಒಂದು ಬೆಳಗ್ಗೆ ಬಂದು, ಬಕೆಟ್ಟಿಗೆ ಮುಕ್ಕಾಲು ನೀರು ತುಂಬಿಸಿಕೊಂಡು, ವಾರ್ಡಿನ ನಡುವಿನಿಂದ ತುದಿಯ ಬಾಗಿಲವರೆಗೆ ನಡೆದಳು. ತಮ್ಮ ಹಿಂದೆ ಹೋದ. ನಡುದಾರಿಯಲ್ಲಿ ಗಾಳಿ ಒಂದು ಕಿಟಕಿಯಿಂದ ಬಂದು ಅವಳ ಸೆರಗನ್ನು ಇನ್ನೊಂದು ಕಿಟಕಿಯ ಕಡೆಗೆ ಎಳೆಯಿತು. ಅವಳು ಅಲ್ಲಿ ನಿಂತಳು. ಮುಂದೆ ಹೋಗಿ ಬಕೆಟ್ಟು ಸುರಿದು ವಾಪಸು ಬಂದು, ನೆಲ ತೋರಿಸಿದಳು. ಬಾಗಿಲ ಬುಡದಲ್ಲಿ ಒಂದಿಷ್ಟು ನೀರು ಚೆಲ್ಲಿತ್ತು.

"ಹೊಸ್ತಿಲು ಎತ್ತರ ಆಯ್ತು ಕಣೋ. ಕಾಲು ಎತ್ತಿ ದಾಟುವಾಗ ತುಳುಕುತ್ತೆ."

"ಎಷ್ಟು ಇಳಿಸಲಿ?"

"ಪೂರ್ತಿ ತೆಗಿ. ನಾಳೆ ಆಗಲ್ಲ ಅಂದರೆ ನಾಡಿದ್ದು ಕೆಲಸಕ್ಕೆ ಬರ್ತೀನಿ."

ಅವನು ಗಾರೆಯವನನ್ನು ಕೂಗಿದ.